ಸತ್ತ ಮೇಲೂ ಉಗುರು ಬೆಳೆಯುತ್ತಾ? – ದೇಹದ ಬಗ್ಗೆ ಆರು ತಪ್ಪು ನಂಬಿಕೆಗಳು

ಸಾವಿನ ಮಾತು ಎತ್ತಿದರೆ ಸಾಕು, ನಮ್ಮ ಮನೆಗಳಲ್ಲಿ "ಬಿಡ್ತು ಅನ್ನು" ಅಂತ ಬಾಯಿ ಮುಚ್ಚಿಸುತ್ತಾರೆ. ಹಾಗಾಗಿ ಈ ವಿಷಯದಲ್ಲಿ ನಮಗೆ ಗೊತ್ತಿರೋದೆಲ್ಲ ಸಿನಿಮಾದಿಂದ, ವಾಟ್ಸ್ಆ್ಯಪ್‌ನಿಂದ, ಅವರಿವರ ಬಾಯಿಂದ ಕೇಳಿದ್ದು. ಊರಲ್ಲಿದ್ದರೆ ಅದರಿಂದ ತೊಂದರೆ ಇರಲಿಲ್ಲ, ಹಿರಿಯರು ನೋಡಿಕೊಳ್ಳುತ್ತಿದ್ದರು. ಆದರೆ ವಾಷಿಂಗ್ಟನ್, ಅಟ್ಲಾಂಟಾ, ಕೆರೊಲಿನಾಗಳಲ್ಲಿ ಓದುತ್ತಿರುವ ನಮಗೆ ಊರಿಂದ ಅಂಥ ಫೋನ್ ಬಂದರೆ, ಕೆಲವೇ ಗಂಟೆಗಳಲ್ಲಿ ಕೆಲವು ತೀರ್ಮಾನ ಹೇಳಬೇಕಾಗುತ್ತದೆ. ಆಗ ತಪ್ಪು ನಂಬಿಕೆ ದುಬಾರಿಯಾಗುತ್ತದೆ. ಆದ್ದರಿಂದ ಒಂದೊಂದಾಗಿ ನೋಡೋಣ.

1. "ಸತ್ತ ಮೇಲೂ ಕೂದಲು, ಉಗುರು ಬೆಳೆಯುತ್ತವೆ"

ಇಲ್ಲ. ಬೆಳೆಯಬೇಕಾದರೆ ಹೊಸ ಜೀವಕೋಶಗಳು ಹುಟ್ಟಬೇಕು, ಅದಕ್ಕೆ ಆಮ್ಲಜನಕ, ಗ್ಲೂಕೋಸ್ ಎರಡೂ ಬೇಕು. ಹೃದಯ ನಿಂತ ಮೇಲೆ ಎರಡೂ ಪೂರೈಕೆ ಆಗುವುದಿಲ್ಲ. ನಿಜವಾಗಿ ಆಗೋದು ಇಷ್ಟೇ: ಚರ್ಮ ಒಣಗಿ ಹಿಂದಕ್ಕೆ ಸರಿಯುತ್ತದೆ. ಮೊದಲು ಚರ್ಮದೊಳಗಿದ್ದ ಉಗುರಿನ ಬುಡ, ಗಡ್ಡದ ಬುಡ ಹೊರಗೆ ಕಾಣುತ್ತದೆ.

2. "ಹೆಣ ಒಮ್ಮೆ ಸೆಟೆದುಕೊಂಡರೆ ಹಾಗೇ ಇರುತ್ತದೆ"

ಸ್ನಾಯು ಬಿಗಿಯಾಗಲು ಮಾತ್ರವಲ್ಲ, ಸಡಿಲವಾಗಲೂ ಎಟಿಪಿ ಎಂಬ ಇಂಧನ ಬೇಕು. ಸತ್ತ ಮೇಲೆ ಅದು ಮುಗಿದು, ಸ್ನಾಯುವಿನ ಎಳೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಂತೆ ನಿಂತುಬಿಡುತ್ತವೆ. ಕೆಲವು ಗಂಟೆಗಳಲ್ಲಿ ರೆಪ್ಪೆ, ದವಡೆಯಿಂದ ಶುರುವಾಗಿ, ಸುಮಾರು ಹನ್ನೆರಡು ಗಂಟೆಯೊಳಗೆ ಮೈಯೆಲ್ಲ ಬಿಗಿಯುತ್ತದೆ. ಆಮೇಲೆ ಸ್ನಾಯುವಿನ ಪ್ರೋಟೀನುಗಳೇ ಕೆಡುವುದರಿಂದ ಒಂದೆರಡು ದಿನಗಳಲ್ಲಿ ಮತ್ತೆ ಸಡಿಲವಾಗುತ್ತದೆ. ಸೆಕೆ ಇದ್ದರೆ ಇದೆಲ್ಲ ಬೇಗ. ನಮ್ಮ ಹಿರಿಯರು ತಕ್ಷಣ ಕಣ್ಣು ಮುಚ್ಚಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟುವುದಕ್ಕೂ ಈ ಲೆಕ್ಕಕ್ಕೂ ಸರಿಯಾಗಿ ಹೊಂದುತ್ತದೆ. ತಡವಾದರೆ ಬಾಯಿ ಮುಚ್ಚಿಸುವುದು ಕಷ್ಟ.

3. "ಆತ್ಮದ ತೂಕ 21 ಗ್ರಾಂ"

1907ರಲ್ಲಿ ಮ್ಯಾಸಚೂಸೆಟ್ಸ್‌ನ ಡಂಕನ್ ಮ್ಯಾಕ್‌ಡೂಗಲ್ ಎಂಬ ವೈದ್ಯರು ಸಾಯುತ್ತಿದ್ದ ರೋಗಿಗಳನ್ನು ಮಂಚ ಸಮೇತ ತೂಗಿ ನೋಡಿದ ಪ್ರಯೋಗವನ್ನು ಪ್ರಕಟಿಸಿದರು. ನೋಡಿದ್ದು ಆರೇ ಜನರನ್ನು. ಸುಮಾರು 21 ಗ್ರಾಂ ಬಂದದ್ದು ಒಬ್ಬರಲ್ಲಿ, ಉಳಿದವರ ಲೆಕ್ಕ ಒಂದಕ್ಕೊಂದು ಹೊಂದಲಿಲ್ಲ. ಆರರಲ್ಲಿ ಒಂದು ರೀಡಿಂಗ್ ಇಟ್ಟುಕೊಂಡು ಲ್ಯಾಬ್ ರಿಪೋರ್ಟ್ ಬರೆದರೆ ನಮ್ಮ ಪ್ರೊಫೆಸರ್ ಒಪ್ಪುತ್ತಾರಾ? ಆತ್ಮ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ ಬೇರೆ, ಈ ತಕ್ಕಡಿ ಅದಕ್ಕೆ ಉತ್ತರ ಕೊಡಲಿಲ್ಲ.

4. "ಹೆಣ ಮನೆಯಲ್ಲಿದ್ದರೆ ರೋಗ ಹರಡುತ್ತದೆ"

ಭೂಕಂಪ, ಪ್ರವಾಹಗಳಲ್ಲಿ ಗಾಯದಿಂದ, ಮುಳುಗಿ ಸತ್ತವರ ದೇಹಗಳಿಂದ ಸಾಂಕ್ರಾಮಿಕ ಹಬ್ಬುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಕೊಳೆಯುವಿಕೆಯ ವಾಸನೆ ಅಸಹ್ಯ ನಿಜ, ಆದರೆ ವಾಸನೆಯೇ ರೋಗವಲ್ಲ. ಎಬೋಲಾ, ಕಾಲರಾದಂಥ ಕಾಯಿಲೆಯಿಂದ ಸತ್ತಿದ್ದರೆ ಮಾತು ಬೇರೆ, ಅಲ್ಲಿ ವೈದ್ಯರು ಹೇಳಿದಂತೆ ಕೇಳಬೇಕು.

5. "ನೀನು ಬರೋವರೆಗೆ ದೇಹ ಉಳಿಯಲ್ಲ" ಮತ್ತು "ಎಂಬಾಮಿಂಗ್ ಮಾಡಿದರೆ ಕೆಡೋದೇ ಇಲ್ಲ"

ನಮ್ಮಂಥವರಿಗೆ ಬಹಳ ಮುಖ್ಯವಾದದ್ದು ಇದು. ಉತ್ತರ ಕೆರೊಲಿನಾದ ಕಲ್ಲೊವೀಯಲ್ಲಿರುವ ವೆಸ್ಟರ್ನ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ, ದಾನವಾಗಿ ಬಂದ ದೇಹಗಳು ಬಯಲಿನಲ್ಲಿ ಹೇಗೆ ಕೊಳೆಯುತ್ತವೆ ಎಂದು ಅಧ್ಯಯನ ಮಾಡುವ ಜಾಗವಿದೆ. ಇಂಥ ಮೊದಲ ಕೇಂದ್ರವನ್ನು ಟೆನೆಸ್ಸಿಯಲ್ಲಿ ವಿಲಿಯಂ ಬಾಸ್ 1981ರಲ್ಲಿ ಶುರುಮಾಡಿದರು. ಈ ಕ್ಷೇತ್ರದವರು ಬಳಸುವ ಒಂದು ಲೆಕ್ಕ ನಮ್ಮಂಥ ಇಂಜಿನಿಯರ್‌ಗಳಿಗೆ ಇಷ್ಟವಾಗುತ್ತೆ: ದಿನದ ಸರಾಸರಿ ಉಷ್ಣತೆಗಳನ್ನು ಕೂಡುತ್ತಾ ಹೋಗುವುದು. 30 ಡಿಗ್ರಿಯ ಒಂದು ದಿನ, 10 ಡಿಗ್ರಿಯ ಮೂರು ದಿನಕ್ಕೆ ಹೆಚ್ಚುಕಡಿಮೆ ಸಮ. ಶವಾಗಾರದ 4 ಡಿಗ್ರಿಯಲ್ಲಿ ಆರು ದಿನ ಇಟ್ಟರೂ ಮೊತ್ತ 24 ಅಷ್ಟೆ. ಅಂದರೆ ಆಸ್ಪತ್ರೆಯ ಶವಾಗಾರವೋ ಫ್ರೀಜರ್ ಬಾಕ್ಸೋ ಇದ್ದರೆ, ಅಟ್ಲಾಂಟಾದಿಂದ ಬೆಂಗಳೂರು ತಲುಪಲು ಬೇಕಾದ ಎರಡು ದಿನ ಕಾಯಬಹುದು. ಕಾಯಬೇಕೋ ಬೇಡವೋ ಅನ್ನೋದು ಮನೆಯವರ ಸಂಪ್ರದಾಯಕ್ಕೆ ಬಿಟ್ಟದ್ದು, ಆದರೆ "ಆಗೋದೇ ಇಲ್ಲ" ಅನ್ನೋದು ಸರಿಯಲ್ಲ.

ಎಂಬಾಮಿಂಗ್ ಇಲ್ಲಿ ಜನಪ್ರಿಯವಾದದ್ದು ವಾಷಿಂಗ್ಟನ್ ಸುತ್ತಮುತ್ತಲೇ, ಅಂತರ್ಯುದ್ಧದ ಕಾಲದಲ್ಲಿ. 1861ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹತನಾದ ಕರ್ನಲ್ ಎಲ್ಸ್‌ವರ್ತ್‌ನ ದೇಹಕ್ಕೆ ಥಾಮಸ್ ಹೋಮ್ಸ್ ಎಂಬಾಮಿಂಗ್ ಮಾಡಿದರು. 1865ರಲ್ಲಿ ಲಿಂಕನ್ ದೇಹ ರೈಲಿನಲ್ಲಿ ಸ್ಪ್ರಿಂಗ್‌ಫೀಲ್ಡ್‌ಗೆ ಹೋಯಿತು. ಎರಡು ವಾರದ ಆ ದಾರಿಯಲ್ಲೇ ಮುಖ ಕಪ್ಪಾಗತೊಡಗಿ, ಜೊತೆಗಿದ್ದ ತಜ್ಞರು ಮತ್ತೆ ಮತ್ತೆ ಸರಿಪಡಿಸಬೇಕಾಯಿತು. ರಾಸಾಯನಿಕ ಕೊಳೆಯುವುದನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ.

ಇನ್ನೊಂದು ಗಮನಿಸಿ: ಅಮೆರಿಕದಲ್ಲಿ ಸಾಮಾನ್ಯ ಸಂದರ್ಭದಲ್ಲಿ ಎಂಬಾಮಿಂಗ್ ಕಡ್ಡಾಯವಲ್ಲ. 1984ರಿಂದ ಜಾರಿಯಲ್ಲಿರುವ ಫೆಡರಲ್ ನಿಯಮದ ಪ್ರಕಾರ ಫ್ಯೂನರಲ್ ಹೋಮ್‌ನವರು ಹಾಗೆ ಸುಳ್ಳು ಹೇಳುವಂತಿಲ್ಲ, ಫೋನಿನಲ್ಲಿ ಕೇಳಿದರೂ ದರ ತಿಳಿಸಬೇಕು. ದೇಹವನ್ನು ಭಾರತಕ್ಕೆ ಕಳಿಸುವುದಾದರೆ ಮಾತ್ರ ಎಂಬಾಮಿಂಗ್ ಪ್ರಮಾಣಪತ್ರ, ಮರಣ ಪ್ರಮಾಣಪತ್ರ, ಪಾಸ್‌ಪೋರ್ಟ್ ಎಲ್ಲವೂ ಬೇಕು. ನಾವಿರುವ ರಾಜ್ಯಕ್ಕೆ ತಕ್ಕಂತೆ ವಾಷಿಂಗ್ಟನ್‌ನ ರಾಯಭಾರ ಕಚೇರಿಯನ್ನೋ ಅಟ್ಲಾಂಟಾದ ಕಾನ್ಸುಲೇಟನ್ನೋ ಸಂಪರ್ಕಿಸಬೇಕು.

6. "ಕಣ್ಣು ಕೊಟ್ಟರೆ ಮುಖ ವಿಕಾರವಾಗುತ್ತೆ, ಮುಂದಿನ ಜನ್ಮಕ್ಕೆ ಕುರುಡು"

ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗ ಅವರ ಕಣ್ಣುಗಳು ಬೆಂಗಳೂರಿನ ನಾರಾಯಣ ನೇತ್ರಾಲಯಕ್ಕೆ ಹೋದವು. ಕಾರ್ನಿಯಾವನ್ನು ಪದರ ಬಿಡಿಸಿ ನಾಲ್ಕು ಜನಕ್ಕೆ ಕಸಿ ಮಾಡಿದರು. ಆಮೇಲೂ ಲಕ್ಷಾಂತರ ಜನ ಕಂಠೀರವ ಕ್ರೀಡಾಂಗಣದಲ್ಲಿ ಅವರ ಮುಖ ನೋಡಿದರು. ವಿಕಾರ ಆಗಿತ್ತಾ?

ಕನ್ನಡಕ ಹಾಕುವವರು, ಸಕ್ಕರೆ ಕಾಯಿಲೆಯವರು, ವಯಸ್ಸಾದವರೂ ಕೊಡಬಹುದು. ಆದರೆ ಸುಮಾರು ಆರು ಗಂಟೆಯೊಳಗೆ ತೆಗೆಯಬೇಕು. ಕಣ್ಣಿನ ಬ್ಯಾಂಕಿನವರು ಬರುವವರೆಗೆ ಫ್ಯಾನ್ ಆರಿಸಿ, ಮುಚ್ಚಿದ ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯನ್ನು ದಿಂಬಿನ ಮೇಲೆ ಎತ್ತರಿಸಬೇಕು. ಮೊದಲೇ ಹೆಸರು ಬರೆಸಿರದಿದ್ದರೂ ಮನೆಯವರು ಒಪ್ಪಿದರೆ ಸಾಕು.

ಕಣ್ಣು ಮಾತ್ರವಲ್ಲ, ಇಡೀ ದೇಹ ಕೊಟ್ಟವರೂ ನಮ್ಮಲ್ಲಿದ್ದಾರೆ. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹವನ್ನು ಮಗನೇ ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕೆಂದು ಬಯಸಿದ್ದರು. ಅವರು 2008ರಲ್ಲಿ ತೀರಿಕೊಂಡರು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಮಗ ಡಾ. ಮಹಾಂತೇಶ ರಾಮಣ್ಣವರ ಆ ಮಾತು ನಡೆಸಿಕೊಟ್ಟರು.

ಹಾಗಾದರೆ ನಾವು ಮಾಡಬಹುದಾದದ್ದು ಏನು? ಆರು ಗಂಟೆಯ ಅವಧಿಯಲ್ಲಿ ನಾವು ವಿಮಾನ ಹತ್ತುವುದೂ ಕಷ್ಟ. ಆದ್ದರಿಂದ ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಹತ್ತಿರ ಮೂರು ಪ್ರಶ್ನೆ ಕೇಳಿಡೋಣ: ಕಣ್ಣು ಕೊಡಲು ಇಷ್ಟವೇ, ನಾವು ಬರುವವರೆಗೆ ಕಾಯಬೇಕೇ, ಆಗ ಯಾರಿಗೆ ಫೋನ್ ಮಾಡಬೇಕು? "ಬಿಡ್ತು ಅನ್ನು" ಅಂತಾರೆ. ಬಿಡ್ತು ಅಂದೇ ಕೇಳೋಣ.