ಧಿಕ್ಕರಿಸು

ಅಕ್ಕಂದಿರೇ, ಮೈಸೂರಿನ ರಾಮಸ್ವಾಮಿ ಸರ್ಕಲ್ ನಿಮಗೆ ಗೊತ್ತು. ಬಸ್ಸಿನಲ್ಲಿ ಆ ಹೆಸರು ಕೇಳ್ತಾನೇ ಇರ್ತೀವಿ. ಯಾರು ಈ ರಾಮಸ್ವಾಮಿ?

ಅವನೊಬ್ಬ ವಿದ್ಯಾರ್ಥಿ. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂತು. ಆದರೆ ಮೈಸೂರು ಸಂಸ್ಥಾನದಲ್ಲಿ ಮಹಾರಾಜರ, ದಿವಾನರ ಆಡಳಿತವೇ ಇತ್ತು. 'ಜನರ ಸರ್ಕಾರ ಬೇಕು' ಎಂದು ಸೆಪ್ಟೆಂಬರಿನಲ್ಲಿ ಜನ ಬೀದಿಗೆ ಇಳಿದರು. ಇದೇ 'ಮೈಸೂರು ಚಲೋ' ಚಳವಳಿ. ಗುಂಪು ಸೇರಬೇಡಿ ಎಂದು ಸರ್ಕಾರ ಆಜ್ಞೆ ಮಾಡಿತು. ಜನ ಆ ಆಜ್ಞೆಯನ್ನು ಧಿಕ್ಕರಿಸಿದರು. ಗುಂಡೇಟಿಗೆ ರಾಮಸ್ವಾಮಿ ಸತ್ತ. ಚಿಕ್ಕ ಹುಡುಗ, ಪಾಪ. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು. ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿ ಆದರು.

ಧಿಕ್ಕರಿಸು ಅಂದರೆ ಅಧಿಕಾರ ಇರುವವರ ಮಾತನ್ನು ಬೇಕೆಂದೇ, ಎದುರಿಗೇ ಮೀರುವುದು. ಕದ್ದು ಮೀರಿದರೆ ಅದು ಧಿಕ್ಕರಿಸುವುದಲ್ಲ. ಮರೆತು ಮೀರಿದರೂ ಅಲ್ಲ. ಮೆರವಣಿಗೆಯಲ್ಲಿ 'ಧಿಕ್ಕಾರ, ಧಿಕ್ಕಾರ' ಅಂತ ಕೂಗ್ತಾರಲ್ಲ, ಅದು ಇದರ ಜೊತೆಯ ಮಾತು. 'ನಿಮ್ಮನ್ನು ಒಪ್ಪೋದಿಲ್ಲ' ಅಂತ ಅರ್ಥ.

"ರೇಷನ್ ಅಂಗಡೀಲಿ ತೂಕ ಕಮ್ಮಿ ಅಂದೆ. 'ನನಗೇ ಎದುರು ಮಾತಾಡ್ತೀಯಾ' ಅಂದ. ನಾನು ಧಿಕ್ಕರಿಸಿದ ಹಾಗಾಯ್ತಾ?" ಅಂತ ಒಬ್ಬ ಅಕ್ಕ ಕೇಳಬಹುದು.

ಇಲ್ಲ ಅಕ್ಕಾ. ಸರಿ ತೂಕ ಕೇಳೋದು ನಿಮ್ಮ ಹಕ್ಕು. ನಿಯಮ ಮೀರಿದವನು ಅವನು.

ಓದಿ, ಬರೆಯಿರಿ: ಆಜ್ಞೆ, ಹಕ್ಕು, ಧಿಕ್ಕಾರ, ಧಿಕ್ಕರಿಸು.
'ಧಿ' ಬರೆಯುವಾಗ ಹೊಟ್ಟೆ ಸೀಳಲು ಮರೆಯಬೇಡಿ.
ನಿಮಗೆ ಯಾರಾದರೂ 'ಎದುರು ಮಾತಾಡ್ತೀಯಾ' ಅಂದಿದ್ದಾರಾ? ಆಗ ನೀವು ಏನು ಕೇಳಿದ್ದಿರಿ? ಎರಡು ಸಾಲು ಬರೆಯಿರಿ.