ಕಲ್ಲಿನ ಸುತ್ತ ಮೂರು ಸುತ್ತು

ಊರಾಚೆಯ ವೀರಗಲ್ಲನ್ನು ಫೋಟೊಗಳಿಂದಲೇ ತ್ರೀಡಿ ಮಾದರಿ ಮಾಡುವ ಆಸೆಯಿದ್ದರೆ ಮೋಡ ಕವಿದ ದಿನ ಹೋಗಿ. ಬಿಸಿಲಿನ ನೆರಳು ಮಾದರಿಯ ಮೈಮೇಲೆ ಕಲೆಯಂತೆ ಉಳಿದುಬಿಡುತ್ತದೆ. ಫ್ಲಾಶ್ ಬೇಡವೇ ಬೇಡ.

ಒಂದೇ ಕಡೆ ನಿಂತು ಕ್ಯಾಮೆರಾ ತಿರುಗಿಸಿದರೆ ಆಳ ಸಿಗದು. ನೀವೇ ಹೆಜ್ಜೆ ಬದಲಿಸಬೇಕು, ಏಕೆಂದರೆ ಒಂದೇ ಬಿಂದುವನ್ನು ಬೇರೆ ಬೇರೆ ಜಾಗದಿಂದ ನೋಡಿಯೇ ಸಾಫ್ಟ್‌ವೇರ್ ಅದರ ದೂರ ಲೆಕ್ಕ ಹಾಕುವುದು. ಹಾಗಾಗಿ ಒಂದು ಫೋಟೊದಲ್ಲಿ ಕಂಡದ್ದರ ಶೇ. 70ರಷ್ಟಾದರೂ ಮುಂದಿನದರಲ್ಲಿ ಕಾಣುವಂತೆ ತೆಗೆಯಿರಿ. ಮಂಡಿಯೂರಿ ಒಂದು ಸುತ್ತು, ಎದೆಯೆತ್ತರದಲ್ಲಿ ಒಂದು, ಕೈ ಮೇಲೆತ್ತಿ ಇನ್ನೊಂದು. ನಡುವೆ ಜೂಮ್ ಮುಟ್ಟಬೇಡಿ.

ಕೆಳಗಿನ ಪಟ್ಟಿಕೆಯ ಕಾಳಗದ ದೃಶ್ಯಕ್ಕೆ ಹೆಚ್ಚು ಹೊತ್ತು ಕೊಡಿ. ಕುದುರೆಯ ಹೊಟ್ಟೆಯಡಿಯ ಸಂದು, ಕತ್ತಿ ಹಿಡಿದ ಮುಷ್ಟಿಯ ಹಿಂಬದಿ ನೇರ ನಿಂತರೆ ಕಾಣುವುದಿಲ್ಲ. ಅಲ್ಲಿ ಮಾದರಿಯಲ್ಲಿ ತೂತು ಬೀಳುತ್ತದೆ. ಬಗ್ಗಿ, ಓರೆಯಾಗಿ, ಹತ್ತಿರದಿಂದ ಏಳೆಂಟು ಫೋಟೊ ತೆಗೆಯಿರಿ.

ಅಳತೆಗೆ ಪಕ್ಕದಲ್ಲೊಂದು ಸ್ಕೇಲ್ ಇಡಿ, ಕೊನೆಯವರೆಗೂ ಅದನ್ನು ಕದಲಿಸಬೇಡಿ. ಮತ್ತೆ, ದಯವಿಟ್ಟು, ಗೆರೆಗಳು ಎದ್ದು ಕಾಣಲೆಂದು ಕಲ್ಲಿಗೆ ಎಣ್ಣೆ, ಸುಣ್ಣ, ಚಾಕ್‌ಪುಡಿ ಹಚ್ಚಬೇಡಿ. ಎಣ್ಣೆ ಹಚ್ಚಿದ ಕಲ್ಲು ಹೊಳೆಯುತ್ತದೆ, ಹೊಳಪು ಪ್ರತಿ ಫೋಟೊದಲ್ಲೂ ಜಾಗ ಬದಲಿಸುತ್ತದೆ; ಮಾದರಿಯೂ ಕೆಡುತ್ತದೆ, ಕಲ್ಲೂ ಕೆಡುತ್ತದೆ.

ಹೊರಡುವ ಮೊದಲು ಅಲ್ಲೇ ಕುಳಿತು ಫೋಟೊಗಳನ್ನು ಹಿಗ್ಗಿಸಿ ನೋಡಿ, ಮಸುಕಾದವನ್ನು ಮತ್ತೆ ತೆಗೆಯಿರಿ.