ಪ್ರಯೋಗಾಲಯದ ಬಿಳಿ ಕೋಟು: ಅಳತೆ ಮತ್ತು ಆಯ್ಕೆ

ಆಯುರ್ವೇದ, ವೈದ್ಯಕೀಯ, ಫಾರ್ಮಸಿ, ನರ್ಸಿಂಗ್ ಹಾಗೂ ವಿಜ್ಞಾನ ಪದವಿ ತರಗತಿಗಳಿಗೆ ಮಕ್ಕಳು ಪ್ರವೇಶ ಪಡೆದಾಗ ಮನೆಯಲ್ಲಿ ಸಿದ್ಧವಾಗುವ ಪಟ್ಟಿಯಲ್ಲಿ ಬಿಳಿ ಕೋಟು ಎಂಬ ಒಂದು ಸಾಲೂ ಇರುತ್ತದೆ. ನಮ್ಮ ಭಾಗದ ಕಾಲೇಜುಗಳಲ್ಲಿ ಇದನ್ನು ಏಪ್ರನ್ ಎಂದು ಕರೆಯುವುದೂ ಉಂಟು. ಪುಸ್ತಕಗಳನ್ನು ನಾಲ್ಕು ಜನರಲ್ಲಿ ವಿಚಾರಿಸಿ ಕೊಳ್ಳುವ ತಂದೆತಾಯಿಗಳು ಕೋಟಿನ ವಿಷಯದಲ್ಲಿ ಅಂಗಡಿಯವರು ಕೊಟ್ಟದ್ದನ್ನು ಹಾಗೆಯೇ ತರುತ್ತಾರೆ. ಅದೂ ಶಾಲೆಯ ಸಮವಸ್ತ್ರ ಕೊಳ್ಳುವ ಹಳೆಯ ರೂಢಿಯಂತೆ, ‘ಬೆಳೆಯುವ ಮಗು, ನಾಲ್ಕೂವರೆ ವರ್ಷ ಬರಬೇಕು’ ಎಂದು ಎರಡು ಅಳತೆ ದೊಡ್ಡದನ್ನು. ಉಳಿತಾಯದ ಆ ಲೆಕ್ಕ ಅರ್ಥವಾಗುವಂಥದ್ದೇ. ಆದರೆ ಬೆಂಕಿ, ಆಮ್ಲ, ವಿಷದ್ರವ್ಯಗಳ ನಡುವೆ ಧರಿಸುವ ಉಡುಪಿಗೆ ಆ ಲೆಕ್ಕ ಸಲ್ಲದು.

ವೈದ್ಯನ ಉಡುಪಿನ ವಿಚಾರ ನಮ್ಮ ಶಾಸ್ತ್ರಕ್ಕೆ ಹೊಸದೇನಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯವು, ವೃತ್ತಿಗೆ ಹೊರಡುವ ವೈದ್ಯನು ಉಗುರು ಕೂದಲುಗಳನ್ನು ಕತ್ತರಿಸಿಕೊಂಡು, ಶುಚಿಯಾಗಿ, ಬಿಳಿಯ ವಸ್ತ್ರವನ್ನುಟ್ಟು, ಆಡಂಬರವಿಲ್ಲದ ವೇಷದಲ್ಲಿರಬೇಕೆಂದು ವಿಧಿಸುತ್ತದೆ. ಪಾಶ್ಚಾತ್ಯ ವೈದ್ಯರು ಹತ್ತೊಂಬತ್ತನೆಯ ಶತಮಾನದ ಬಹುಭಾಗ ಕಪ್ಪು ಕೋಟು ಧರಿಸುತ್ತಿದ್ದರು. ಪ್ರಯೋಗಾಲಯದ ಬಿಳಿ ಕೋಟು ಆಸ್ಪತ್ರೆಯನ್ನು ಪ್ರವೇಶಿಸಿದ್ದು ಆ ಶತಮಾನದ ಕೊನೆಯ ವರ್ಷಗಳಲ್ಲಿ. ಬಿಳಿಯ ಮೇಲೆ ಕಲೆ ಮರೆಯಾಗದು. ಕೊಳೆಯಾದದ್ದು ಧರಿಸಿದವನಿಗೂ ತಿಳಿಯುತ್ತದೆ, ನೋಡುವವನಿಗೂ ತಿಳಿಯುತ್ತದೆ.

ಕೋಟು ಇಲ್ಲದಿದ್ದರೆ ಏನಾಗಬಹುದೆಂಬುದಕ್ಕೆ ಅಮೆರಿಕದ ಒಂದು ದುರಂತ ಸಾಕ್ಷಿಯಾಗಿದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ 2008ರ ಡಿಸೆಂಬರ್ 29ರಂದು ಶೆಹರ್‌ಬಾನೊ ಸಂಗ್ಜಿ ಎಂಬ 23 ವರ್ಷದ ಯುವತಿ, ಗಾಳಿ ಸೋಕಿದೊಡನೆ ಹೊತ್ತಿಕೊಳ್ಳುವ ದ್ರವವೊಂದನ್ನು ಸಿರಿಂಜಿನಲ್ಲಿ ಎಳೆಯುತ್ತಿದ್ದರು. ಸಿರಿಂಜು ಕಳಚಿ ದ್ರವ ಚೆಲ್ಲಿತು. ಮೈಮೇಲೆ ಲ್ಯಾಬ್ ಕೋಟು ಇರಲಿಲ್ಲ; ತೊಟ್ಟಿದ್ದ ಕೃತಕ ನೂಲಿನ ಸ್ವೆಟರ್‌ಗೆ ಬೆಂಕಿ ಹತ್ತಿತು. ಮೂರು ವಾರ ಕಳೆಯುವ ಮೊದಲೇ ಆಕೆ ತೀರಿಕೊಂಡರು. ನಮ್ಮ ಪದವಿ ಕಾಲೇಜುಗಳಲ್ಲಿ ಅಷ್ಟು ಉಗ್ರವಾದ ದ್ರವಗಳನ್ನು ಮಕ್ಕಳ ಕೈಗೆ ಕೊಡುವುದಿಲ್ಲ. ಸ್ಪಿರಿಟ್ ದೀಪ, ಬರ್ನರ್, ಗಂಧಕಾಮ್ಲಗಳಂತೂ ಎಲ್ಲೆಡೆಯೂ ಇವೆ.

ಆದುದರಿಂದ ಅಳತೆಗೂ ಮೊದಲು ಬಟ್ಟೆಯನ್ನು ನೋಡಬೇಕು. ಪಾಲಿಯೆಸ್ಟರ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅಂಥ ಸುಟ್ಟ ಗಾಯಕ್ಕೆ ಚಿಕಿತ್ಸೆ ಮಾಡುವುದು ವೈದ್ಯನಿಗೂ ರೋಗಿಗೂ ಯಾತನೆ. ಹತ್ತಿಯೂ ಉರಿಯುತ್ತದೆ, ಆದರೆ ಕರಗಿ ಅಂಟುವುದಿಲ್ಲ. ನಮ್ಮ ಬಿಸಿಲಿಗೆ ಬೆವರನ್ನೂ ಹೀರುತ್ತದೆ. ಮಿಶ್ರ ನೂಲಿನ ಕೋಟು ಇಸ್ತ್ರಿ ಕೆಡದೆ ನಿಲ್ಲುತ್ತದೆಂಬ ಕಾರಣಕ್ಕೆ ಹೆಚ್ಚು ಮಾರಾಟವಾಗುತ್ತದೆ. ಬೆಂಕಿಯ ಬಳಿ ಕೆಲಸವಿರುವವರಿಗೆ ನಾನು ಶುದ್ಧ ಹತ್ತಿಯ ದಪ್ಪ ಬಟ್ಟೆಯನ್ನೇ ಹೇಳುತ್ತೇನೆ. ಬದನವಾಳಿನ ಖಾದಿ ಕೇಂದ್ರವಿರುವ ತಾಲ್ಲೂಕಿನವರಿಗೆ ಹತ್ತಿಯ ಗುಣವನ್ನು ಹೆಚ್ಚಾಗಿ ವಿವರಿಸಬೇಕಿಲ್ಲ.

ಹತ್ತಿಯಲ್ಲಿ ಒಂದು ತೊಡಕುಂಟು, ಅದು ಕುಗ್ಗುತ್ತದೆ. ಮೊದಲೇ ಕುಗ್ಗಿಸದ ಬಟ್ಟೆ ಮೊದಲ ಒಗೆತಗಳಲ್ಲಿ ನೂರಕ್ಕೆ ಮೂರರಿಂದ ಐದು ಭಾಗ ಕಡಿಮೆಯಾಗಬಹುದು. 40 ಅಂಗುಲ ಉದ್ದದ ಕೋಟು ಒಂದೂಕಾಲರಿಂದ ಎರಡು ಅಂಗುಲ ಗಿಡ್ಡವಾಯಿತೆಂದರ್ಥ. ಹೊಲಿಸುವವರು ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ದರ್ಜಿಗೆ ಕೊಡಬೇಕು. ಸಿದ್ಧ ಕೋಟನ್ನು ಕೊಳ್ಳುವವರು ಮೊದಲೇ ಕುಗ್ಗಿಸಿದ ಬಟ್ಟೆಯೇ ಎಂದು ವಿಚಾರಿಸಬೇಕು.

ಅಳತೆಯನ್ನು ನಿತ್ಯ ಧರಿಸುವ ಉಡುಪಿನ ಮೇಲೆಯೇ ತೆಗೆಯಬೇಕು. ಇಷ್ಟಲಿಂಗ ಧಾರಣೆ ಮಾಡಿದವರು ಕರಡಿಗೆ ಎದೆಯ ಮೇಲಿರುವಾಗಲೇ ಟೇಪು ಹಿಡಿಸಲಿ. ಇಲ್ಲವಾದರೆ ಅದೇ ಜಾಗದ ಗುಂಡಿ ಎಳೆದುಕೊಂಡು ತೆರೆಯುತ್ತದೆ. ಶಿವದಾರವೂ ಕರಡಿಗೆಯೂ ಕೋಟಿನ ಒಳಗೇ ಇರಬೇಕು, ಹೊರಗೆ ಇಳಿಬಿದ್ದಿರಬಾರದು. ಎದೆಯ ಸುತ್ತಳತೆಗೆ ನಾಲ್ಕರಿಂದ ಐದು ಅಂಗುಲ ಸಡಿಲ ಸೇರಿಸಿದರೆ ಸಾಕು: 34 ಅಂಗುಲದವರಿಗೆ ಸಿದ್ಧ ಉಡುಪಿನ ಸುತ್ತು 38 ಅಥವಾ 39. ಅಂಗಡಿಯ ಕೋಟಿನ ಪಟ್ಟಿಯ ಮೇಲಿರುವ ಸಂಖ್ಯೆ ಕೆಲವರಲ್ಲಿ ಮೈಯ ಅಳತೆ, ಕೆಲವರಲ್ಲಿ ಉಡುಪಿನ ಅಳತೆ. ಅದನ್ನು ನಂಬದೆ ಟೇಪಿನಿಂದಲೇ ಅಳೆಯುವುದು ಒಳ್ಳೆಯದು. ಹೆಣ್ಣುಮಕ್ಕಳು ಸೊಂಟದ ಕೆಳಗಿನ ಸುತ್ತಳತೆಯನ್ನೂ ಕೊಡಬೇಕು. ಎದೆಗೆ ಸರಿಯಾದ ಕೋಟು ಕೆಳಗೆ ಬಿಗಿಯಾದರೆ ಅವರು ಕೆಳಗಿನ ಗುಂಡಿಗಳನ್ನು ಹಾಕುವುದನ್ನೇ ಬಿಡುತ್ತಾರೆ. ಮೇಜಿನ ಅಂಚಿನಿಂದ ಹರಿದ ಆಮ್ಲ ಬೀಳುವುದು ಆ ತೆರೆದ ಭಾಗದ ಮೇಲೆಯೇ.

ಹೆಗಲಿನ ಹೊಲಿಗೆ ಹೆಗಲಿನ ಮೂಳೆಯ ತುದಿಯಲ್ಲಿ ನಿಲ್ಲಬೇಕು. ಉದ್ದ ಮೊಣಕಾಲಿನವರೆಗೆ ಬರಲಿ, ಮೆಟ್ಟಿಲು ಹತ್ತುವಾಗ ತೊಡರುವಷ್ಟು ಬೇಡ. ಎಲ್ಲಕ್ಕಿಂತ ಮುಖ್ಯವಾದುದು ತೋಳು. ಕೈಯನ್ನು ಮುಂದೆ ಚಾಚಿದಾಗ ಮಣಿಕಟ್ಟು ಮುಚ್ಚಿರಬೇಕು, ಇಳಿಬಿಟ್ಟಾಗ ಅಂಗೈಯನ್ನು ಮುಟ್ಟಬಾರದು. ತುದಿ ಅಗಲವಾಗಿ ಜೋಲುತ್ತಿದ್ದರೆ ಗುಂಡಿ ಅಥವಾ ಎಲಾಸ್ಟಿಕ್ ಹಾಕಿಸಬೇಕು. ಕೆಲವು ವರ್ಷಗಳ ಹಿಂದೆ ತಿ. ನರಸೀಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಮುಂಗೈಯ ಸುಟ್ಟ ಗಾಯದೊಡನೆ ನನ್ನಲ್ಲಿಗೆ ಬಂದಿದ್ದಳು. ಅಣ್ಣನ ಕೋಟು, ತೋಳು ಉದ್ದವೆಂದು ಎರಡು ಮಡಿಕೆ ಮಾಡಿದ್ದಳು. ಮಡಿಕೆ ಬಿಚ್ಚಿ ಸ್ಪಿರಿಟ್ ದೀಪದ ಮೇಲೆ ಇಳಿಯಿತು. ಗಾಯ ಮೂರು ವಾರದಲ್ಲಿ ಮಾಗಿತು, ಬೆರಳುಗಳಿಗೆ ಏನೂ ಆಗಲಿಲ್ಲ. ಆ ತೋಳನ್ನು ಕತ್ತರಿಸಿ ಹೊಲಿಸುವುದು ದರ್ಜಿಗೆ ಕಾಲು ಗಂಟೆಯ ಕೆಲಸ.

ಕೋಟನ್ನು ತೊಟ್ಟು ಎಲ್ಲ ಗುಂಡಿಗಳನ್ನೂ ಹಾಕಿ ಎರಡು ಕೈಗಳನ್ನು ಮೇಲೆತ್ತಿ ನೋಡಲಿ, ಸ್ಟೂಲಿನ ಮೇಲೆ ಕೂತು ಮುಂದಕ್ಕೆ ಬಾಗಿ ನೋಡಲಿ. ಬೆನ್ನು ಬಿಗಿದರೆ ಒಂದಳತೆ ಮೇಲಿನದು ಬೇಕು. ಸಾಧ್ಯವಾದರೆ ಸಾಮಾನ್ಯ ಗುಂಡಿಗಿಂತ ಟಿಚ್ ಬಟನ್ ಮೇಲು: ಆಮ್ಲ ಚೆಲ್ಲಿದಾಗ ಒಂದೇ ಎಳೆತಕ್ಕೆ ಕೋಟು ಕಳಚಿ ಬರುತ್ತದೆ. ಚೂಡಿದಾರದ ವೇಲು, ಸೀರೆಯ ಸೆರಗು, ಜಡೆ ಇವೆಲ್ಲ ಕೋಟಿನ ಒಳಗಿರತಕ್ಕವು.

ಆಯುರ್ವೇದ ವಿದ್ಯಾರ್ಥಿಗಳಿಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ರಸಶಾಸ್ತ್ರದಲ್ಲಿ ಕಜ್ಜಲಿಯನ್ನು ಅರೆಯುವಾಗ ಪಾದರಸ ಮತ್ತು ಗಂಧಕದ ಆ ಕಪ್ಪು ನುಣುಪು ಪುಡಿ ತೋಳಿಗೂ ಎದೆಗೂ ಹತ್ತುತ್ತದೆ. ಆ ಕೋಟನ್ನು ತೊಟ್ಟು ಊಟದ ಕೋಣೆಗೆ ಹೋಗುವುದು ಅಕ್ಷಮ್ಯ. ಭಲ್ಲಾತಕವನ್ನು ಇಟ್ಟಿಗೆ ಪುಡಿಯೊಡನೆ ಉಜ್ಜಿ ಶೋಧಿಸುವಾಗ ಅದರ ಎಣ್ಣೆ ಚರ್ಮಕ್ಕೆ ತಾಗಿದರೆ ಗುಳ್ಳೆಗಳೆದ್ದು ದಿನಗಟ್ಟಲೆ ಉರಿಯುತ್ತವೆ; ಅಲ್ಲಿ ಕೈಗವಸು ತೋಳಿನ ತುದಿಯನ್ನು ಮುಚ್ಚುವಂತಿರಬೇಕು, ನಡುವೆ ಚರ್ಮ ಕಾಣಬಾರದು. ತೈಲಪಾಕ ಮಾಡುವವರ ಕೋಟು ಎಣ್ಣೆ ಹೀರಿ ಒಲೆಯ ಬಳಿ ಬೇಗ ಹೊತ್ತಿಕೊಳ್ಳುವಂತಾಗುತ್ತದೆ, ಅದನ್ನು ವಾರಗಟ್ಟಲೆ ಒಗೆಯದೆ ಬಿಡುವುದು ಅಪಾಯ. ಸದ್ವೈದ್ಯಶಾಲೆಯ ಹಲ್ಲುಪುಡಿಯಿಂದ ನಂಜನಗೂಡಿನ ಹೆಸರು ಔಷಧ ತಯಾರಿಕೆಯೊಡನೆ ಬೆಸೆದಿದೆ. ಈ ಉದ್ಯಮದಲ್ಲಿ ದುಡಿಯುವ ಮಕ್ಕಳೂ ತಿಳಿದಿರಲಿ: ಆಯುರ್ವೇದ ಔಷಧ ತಯಾರಿಕೆಗೆ 2000ದಲ್ಲಿ ಜಾರಿಗೆ ಬಂದ ಶೆಡ್ಯೂಲ್ ಟಿ ನಿಯಮಗಳಂತೆ ಕೆಲಸಕ್ಕೂ ಹವಾಮಾನಕ್ಕೂ ತಕ್ಕ ಸಮವಸ್ತ್ರವನ್ನು ಒದಗಿಸುವುದು ತಯಾರಕರ ಹೊಣೆ. ಅಳತೆಗೆ ಸರಿಯಾದುದನ್ನು ಕೇಳಿ ಪಡೆಯಲು ಸಂಕೋಚ ಬೇಡ.

ಪ್ರಯೋಗಾಲಯದಲ್ಲಿ ರಕ್ಷಣೆಯಾದ ಪೂರ್ಣ ತೋಳು ರೋಗಿಯ ಹಾಸಿಗೆಯ ಪಕ್ಕದಲ್ಲಿ ತೊಡಕಾಗಬಹುದು. ತೋಳಿನ ತುದಿ ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ಉಜ್ಜುತ್ತದೆ, ಮಣಿಕಟ್ಟನ್ನು ಸರಿಯಾಗಿ ತೊಳೆಯಲೂ ಬಿಡದು. ಇದೇ ಕಾರಣದಿಂದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಮುಟ್ಟುವವರು ಮೊಣಕೈಯಿಂದ ಕೆಳಗೆ ಏನನ್ನೂ ಧರಿಸಬಾರದೆಂಬ ನೀತಿಯನ್ನು 2007ರಲ್ಲಿ ಪ್ರಕಟಿಸಲಾಯಿತು. ವಾರ್ಡಿಗೆ ಹೋಗುವ ವರ್ಷ ಬಂದಾಗ, ಕಾಲೇಜಿನ ನಿಯಮ ಒಪ್ಪುವುದಾದರೆ, ಅರ್ಧ ತೋಳಿನದೊಂದನ್ನು ಬೇರೆಯಾಗಿ ಹೊಲಿಸಬೇಕು. ಒಂದೇ ದೊಡ್ಡ ಕೋಟಿಗೆ ಕೊಡುವ ಹಣವನ್ನು ಹೀಗೆ ಹಂಚುವುದು ಜಾಣತನ. ಪ್ರಯೋಗಾಲಯಕ್ಕಂತೂ ಎರಡು ಕೋಟುಗಳಿದ್ದರೆ ಒಂದು ಒಗೆತದಲ್ಲಿರುವಾಗ ಇನ್ನೊಂದು ಮೈಮೇಲಿರುತ್ತದೆ.

ಮೈಸೂರಿನಿಂದ ಸಂಜೆಯ ಬಸ್ಸಿನಲ್ಲಿ ಬಿಳಿ ಕೋಟನ್ನು ತೋಳಿನ ಮೇಲೆ ಹೊದ್ದು ಬರುವ ಮಕ್ಕಳನ್ನು ಕಾಣುತ್ತೇವೆ. ಮನೆಯವರಿಗೆ ಅದು ಹೆಮ್ಮೆ. ಅದನ್ನು ಒಳಮೈ ಹೊರಗಾಗಿ ಮಡಚಿ ಪ್ರತ್ಯೇಕ ಚೀಲದಲ್ಲಿ ತರಬೇಕು. ಮಗುವಿನ ಬಟ್ಟೆ, ಹಾಸಿಗೆ ಹೊದಿಕೆಗಳೊಡನೆ ಒಗೆಯಬಾರದು. ವಾರ್ಡಿನ ಕೋಟನ್ನು ಸೋಪಿನ ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಪಾದರಸದ ಕಜ್ಜಲಿ ಹತ್ತಿದ ಕೋಟನ್ನು ಮನೆಗೆ ತರುವುದೇ ಬೇಡ. ಅದರ ಶುದ್ಧಿ ಹೇಗೆಂದು ಕಾಲೇಜಿನ ಅಧ್ಯಾಪಕರನ್ನೇ ಕೇಳಬೇಕು. ಅಣ್ಣ ಅಕ್ಕಂದಿರ ಕೋಟು ತಮ್ಮ ತಂಗಿಯರಿಗೆ ಬರುವುದರಲ್ಲಿ ತಪ್ಪೇನೂ ಇಲ್ಲ, ಅಳತೆಗೆ ತಿದ್ದಿಸಿದರೆ ಸರಿ. ಆದರೆ ಆಮ್ಲದಿಂದ ಬಟ್ಟೆ ಜೀರ್ಣವಾಗಿರುವುದು ಕಣ್ಣಿಗೆ ಕಾಣದೆ ಇರಬಹುದು. ಬೆಳಕಿಗೆ ಹಿಡಿದು ನೋಡಿ, ಕಲೆಯಿದ್ದ ಜಾಗವನ್ನು ಎರಡು ಕೈಯಿಂದ ಎಳೆದು ನೋಡಿ; ನೂಲು ಸುಲಭವಾಗಿ ಬಿಟ್ಟುಕೊಂಡರೆ ಆ ಕೋಟನ್ನು ಮತ್ತೆ ಪ್ರಯೋಗಾಲಯಕ್ಕೆ ಕಳುಹಿಸಬೇಡಿ.